ಚಿತೆಗೆ ಕಡಿದ ಮಾವಿನ ಮರ

ಎಲೆಕ್ಟ್ರಿಕ್ ಗಿಟಾರಿನ ಬಾಡಿ ಮಾಡಲು ಯಾವ ಮರ ಒಳ್ಳೆಯದು ಎಂದು ಈಗಲೂ ಯಾರಾದರೂ ಫೋನ್ ಮಾಡುತ್ತಿರುತ್ತಾರೆ. ನಾನು ಕೇಳುವ ಮರುಪ್ರಶ್ನೆ ಒಂದೇ: ನಿಮ್ಮ ಹಿತ್ತಿಲಲ್ಲಿ ಯಾವ ಮರ ಉಂಟು? ಕೆಲವರಿಗೆ ಇದು ತಮಾಷೆಯಾಗಿ ಕಾಣುತ್ತದೆ, ಕೆಲವರಿಗೆ ಅವಮಾನವಾಗುತ್ತದೆ. ಅವರಿಗೆ ಬೇಕಾದದ್ದು ಸಮುದ್ರದಾಚೆಯ ಯಾವುದಾದರೂ ಮರದ ಹೆಸರು. ಆ ಹೆಸರುಗಳು ನನಗೂ ಗೊತ್ತು, ಆದರೆ ಹೇಳುವುದಿಲ್ಲ. ಪೆರ್ಡೂರಿನಿಂದ ಬಸ್ಸು ಹಿಡಿದು ಉಡುಪಿಯ ಬನ್ನಂಜೆಗೆ ಬಂದು, ಒಂದು ಸಣ್ಣ ಅಂಗಡಿಯಲ್ಲಿ ಕೂತು ಜೀವಮಾನವಿಡೀ ಹಾರ್ಮೋನಿಯಂ, ಗಿಟಾರು ರಿಪೇರಿ ಮಾಡಿದವನು ನಾನು. ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ನನ್ನ ಮಾತು ಕೇಳಲೇಬೇಕೆಂದಿಲ್ಲ. ಕೇಳದಿದ್ದರೆ ನನಗೇನೂ ನಷ್ಟವಿಲ್ಲ.

ನನ್ನನ್ನು ತಯಾರು ಮಾಡಿದವರು ಲಾಜರಸ್ ಪೊರ್ಬು, ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತೇವೆ. ಅಂಗಡಿ ಅವರದು. ಇಗರ್ಜಿಯ ಹಾರ್ಮೋನಿಯಂಗೂ ಭಜನಾ ಮಂಡಳಿಯ ಹಾರ್ಮೋನಿಯಂಗೂ ಶ್ರುತಿ ಮಾಡುತ್ತಿದ್ದವರು ಅವರೇ, ಹಾಗಾಗಿ ಉಡುಪಿಯ ಸುತ್ತಿನ ದೇವರೆಲ್ಲ ಕೇಳುತ್ತಿದ್ದದ್ದು ಪೊರ್ಬುಗಳ ಶ್ರುತಿಯನ್ನೇ. ಬಾಯಿ ಮಾತ್ರ ಕೆಟ್ಟದು. ಹೊಸ ಮರದ ತುಂಡು ಬಂದರೆ ನನ್ನ ಕೈಗೆ ಕೊಟ್ಟು, "ಎಂತ ಹೇಳ್ತದೆ?" ಎಂದು ಕೇಳುತ್ತಿದ್ದರು. ನಾನು ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ಒಳ್ಳೆಯ ನಾದ ಉಂಟು ಎಂದೇನಾದರೂ ಹೇಳಿದರೆ ತುಂಡನ್ನು ಕಿತ್ತುಕೊಳ್ಳುತ್ತಿದ್ದರು. ಮರ ಮಾತಾಡುವುದಿಲ್ಲ, ತೂಕ ನೋಡು, ಒಣಗಿದೆಯಾ ನೋಡು, ಕುಟ್ಟೆ ಹುಳ ಹಿಡಿದಿದೆಯಾ ನೋಡು ಎಂದು ಬೈಯುತ್ತಿದ್ದರು. ಮರದ ವಿಷಯದಲ್ಲಿ ನಾನು ಕಲಿತದ್ದು ಇಷ್ಟೇ, ಉಳಿದದ್ದೆಲ್ಲ ಇದರ ಮೇಲೆ ಹಚ್ಚಿದ ಪಾಲಿಶು.

ಪೆಟ್ಟಿಗೆಯಂಥ ಮಾಮೂಲು ಗಿಟಾರಿನಲ್ಲಿ ಮರವೇ ಸ್ವರ ಕೊಡುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಬಾಡಿ ಎಂದರೆ ಒಂದು ದಪ್ಪ ಹಲಗೆ. ತಂತಿ ಅದುರುವುದನ್ನು ಅದರ ಕೆಳಗಿರುವ ಪಿಕಪ್ಪಿನ ಅಯಸ್ಕಾಂತ ಹಿಡಿಯುತ್ತದೆ, ಅದು ವಯರಿನಲ್ಲಿ ಹೋಗಿ ಸ್ಪೀಕರಿನಲ್ಲಿ ಹೊರಗೆ ಬರುತ್ತದೆ. ಹಲಗೆ ಹೆಗಲು ನೋಯಿಸಬಾರದು, ಸ್ಕ್ರೂವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ನಮ್ಮ ಮಳೆಗಾಲದಲ್ಲಿ ತಿರುಚಿಕೊಳ್ಳಬಾರದು. ಇದಕ್ಕಿಂತ ಹೆಚ್ಚು ಅದರಿಂದ ನಿರೀಕ್ಷಿಸುವವರೊಂದಿಗೆ ನಾನು ಬೇಕಾದಷ್ಟು ಜಗಳ ಮಾಡಿದ್ದೇನೆ. ಗೆದ್ದೆ ಎನ್ನಲಾರೆ, ಆದರೆ ಒಪ್ಪಿಕೊಂಡೂ ಇಲ್ಲ.

ನಾನು ಮಾಡಿದ ಮೊದಲ ಬಾಡಿ ಕಾಪುವಿನ ಸಂಜೀವನಿಗೆ. ಆಗ ಮದುವೆ ಹಾಲ್‌ಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ಆರ್ಕೆಸ್ಟ್ರಾಗಳ ಕಾಲ. ಸಂಜೀವ ಅಂಥದೊಂದು ತಂಡದಲ್ಲಿ ಗಿಟಾರು ನುಡಿಸುತ್ತಿದ್ದ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಗಿಟಾರು ಕೈಗೆ ಬಂದರೆ ಮಾತ್ರ ಜೀವ ಬಂದಂತೆ ಕಾಣುತ್ತಿದ್ದ. ಹೊಸ ಗಿಟಾರು ಕೊಳ್ಳುವ ಶಕ್ತಿ ಇರಲಿಲ್ಲ. ಯಾರದೋ ಒಡೆದ ಗಿಟಾರಿನ ಕುತ್ತಿಗೆ, ಪಿಕಪ್ಪು ಸಂಪಾದಿಸಿ, ಬಾಡಿ ಮಾಡಲೆಂದು ಒಂದು ಹಲಗೆಯನ್ನೂ ಹೊತ್ತು ತಂದಿದ್ದ. ಅದು ಕಾಪು ಕಡಲ ಬದಿಯಲ್ಲಿ ಒಡೆದು ಹಾಕಿದ ಹಳೆ ದೋಣಿಯ ಹಲಗೆ. ಅಷ್ಟು ವರ್ಷ ನೀರು ಕುಡಿದ ಮರಕ್ಕೆ ಇನ್ನೆಂತ ಆಗಲಿಕ್ಕುಂಟು ಎಂಬುದು ಅವನ ಲೆಕ್ಕಾಚಾರ.

ಪೊರ್ಬುಗಳು ಹಲಗೆಯನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಿ, ಬೇಡ ಎಂದರು. ಉಪ್ಪು ಒಳಗೆಲ್ಲ ಇಳಿದಿತ್ತು. ನನಗೂ ಸಂಜೀವನಿಗೂ ಆ ವಯಸ್ಸಿನಲ್ಲಿ ಬೇಡ ಎಂದರೆ ಇನ್ನಷ್ಟು ಹುರುಪು. ಅವರು ಊಟಕ್ಕೆ ಹೋದ ಹೊತ್ತಿನಲ್ಲೆಲ್ಲ ಕೆತ್ತಿ ಮುಗಿಸಿದೆವು. ನೋಡಲು ಚಂದವೇ ಇತ್ತು. ಎತ್ತಿದರೆ ಮಾತ್ರ ಕಡೆಯುವ ಕಲ್ಲು. ಎರಡು ಪದ್ಯ ನಿಂತು ನುಡಿಸಿದರೆ ಮೂರನೆಯದಕ್ಕೆ ಸಂಜೀವನಿಗೆ ಕುರ್ಚಿ ಬೇಕಾಗುತ್ತಿತ್ತು. ಮಳೆಗಾಲ ಬಂತು, ಉಪ್ಪು ಹವೆಯ ನೀರೆಲ್ಲ ಎಳೆದುಕೊಂಡು ಬಾಡಿ ಬೆವರಿತು, ಒಳಗಿನ ಸ್ಕ್ರೂಗಳು ತುಕ್ಕು ಹಿಡಿದು ಪುಡಿಯಾದವು. ಕೊನೆಗೆ ಮದುಮಕ್ಕಳು ವೇದಿಕೆಗೆ ಬರುತ್ತಿದ್ದ ಹೊತ್ತಿಗೆ ತಂತಿ ಕಟ್ಟುವ ಬ್ರಿಜ್ಜು ಠಣ್ಣೆಂದು ಎದ್ದು ಹೋಗಿ ಮೃಷ್ಟಾನ್ನದ ಸಾಲಿನಲ್ಲಿ ಬಿತ್ತಂತೆ. ಪೊರ್ಬುಗಳು ನಮ್ಮಿಬ್ಬರನ್ನೂ ಬೈಯಲಿಲ್ಲ. ಬ್ರಿಜ್ಜನ್ನು ಅಂಗಡಿಯ ಬಾಗಿಲಿಗೆ ಕಟ್ಟಿ, ಬಂದವರಿಗೆಲ್ಲ ತೋರಿಸಿ ಕತೆ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಎರಡನೆಯ ಬಾಡಿಯನ್ನು ಶಿವನಿ ಮರದಲ್ಲಿ ಮಾಡಿಕೊಟ್ಟೆ. ಹಗುರದ ಮರ, ಒಣಗಿದ ಮೇಲೆ ಅಲುಗುವುದಿಲ್ಲ. ಆ ಗಿಟಾರು ಹಿಡಿದುಕೊಂಡೇ ಸಂಜೀವ ಮದುವೆಯಾಗಿ ಕಾರ್ಕಳದ ಪಕ್ಕ ಕುಕ್ಕುಂದೂರಿನ ಹೆಂಡತಿಯ ಮನೆಗೆ ಹೋಗಿ ನಿಂತ. ಮನೆಯ ಯಜಮಾನಿಕೆ ಹೆಂಡತಿಯ ಅಣ್ಣ ಶೀನಣ್ಣನದು. ಶೀನಣ್ಣ ಗದ್ದೆ ಕೆಲಸದಲ್ಲಿ ಮೈ ಮುರಿದವರು, ಹಗಲು ಹೊತ್ತು ತಂತಿ ಎಳೆಯುತ್ತ ಕೂರುವವನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಗಿಟಾರು ಹೊಸ್ತಿಲು ದಾಟಕೂಡದು ಎಂದು ಮೊದಲ ವಾರವೇ ಕಟ್ಟಪ್ಪಣೆ ಆಯಿತಂತೆ. ಸಂಜೀವ ಎದುರು ಮಾತಾಡಲಿಲ್ಲ. ಅಂಗಳದ ಮೂಲೆಯ ಮಾವಿನ ಮರದ ಕೆಳಗೆ ಕೂತು ನುಡಿಸಿದ. ನಾನೊಮ್ಮೆ ಆ ಮನೆಗೆ ಹೋಗಿದ್ದಾಗ ಗಿಟಾರು ಮಾವಿನ ಮರದ ಮೊಳೆಯಲ್ಲಿ ತೂಗುತ್ತಿತ್ತು. ಮಳೆ ಬಂದರೆ ಕೊಟ್ಟಿಗೆಯಲ್ಲಿ, ಉಳಿದಂತೆ ಮರದಲ್ಲಿ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಒಂದು ಮಾತು ಆಡುವ ಮೊದಲೇ ಸಂಜೀವ ನನ್ನ ಕೈ ಅದುಮಿ, ಚಾ ಕುಡಿಯಿರಿ ಎಂದ.

ಕೆಲಸದ ರೀತಿ ಈ ನಡುವೆ ಪೂರಾ ಬದಲಾಯಿತು. ಉಳಿ, ಕೀಸುಳಿಯಲ್ಲಿ ವಾರಗಟ್ಟಲೆ ಮಾಡುತ್ತಿದ್ದದ್ದನ್ನು ಕರೆಂಟಿನಲ್ಲಿ ಮರ ಕೊರೆಯುವ ರೌಟರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿತು. ಆಮೇಲೆ ಕಂಪ್ಯೂಟರು ನೋಡಿಕೊಂಡು ಕೆತ್ತುವ ಯಂತ್ರ ಬಂತು, ಎಲ್ಲ ಭಾಗಗಳೂ ಒಂದೇ ಪೆಟ್ಟಿಗೆಯಲ್ಲಿ ಆನ್‌ಲೈನಿನಲ್ಲಿ ಬರತೊಡಗಿದವು. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಮಣಿಪಾಲದಲ್ಲಿ ಓದುತ್ತಿದ್ದ ಒಬ್ಬಳು ವಿದ್ಯಾರ್ಥಿನಿ, ಬಾಡಿಯನ್ನು ಒಳಗಿನಿಂದ ಅಲ್ಲಲ್ಲಿ ಟೊಳ್ಳು ಮಾಡಿ ಮೇಲೆ ತೆಳು ಹಲಗೆ ಅಂಟಿಸಿದರೆ ಭಾರದ ಮರವೂ ಹಗುರಾಗುತ್ತದೆ ಎಂದು ಚಿತ್ರ ಬರೆದು ತೋರಿಸಿದಳು. ಅಷ್ಟು ವರ್ಷ ಭಾರದ ಮರ ಎಂದ ಕೂಡಲೇ ಆಚೆ ದೂಡಿದ್ದ ನನಗೆ ಅದು ಹೊಳೆದಿರಲಿಲ್ಲ. ಅವಳು ಕಲಿಸಿದ್ದು ಮುಂದೆ ಉಪಯೋಗಕ್ಕೆ ಬಂತು. ನನಗೆ ಸಿಟ್ಟು ಬರುವುದು, ನಮ್ಮ ಮರ ಎಂದರೆ ಸೌದೆ, ಹೊರಗಿನದೆಂದರೆ ವಾದ್ಯ ಎನ್ನುವವರ ಮೇಲೆ. ಮದ್ದಳೆಗೆ ಹಲಸು ಆಗುತ್ತದೆ, ಗಿಟಾರಿಗೆ ಆಗುವುದಿಲ್ಲ ಎಂದು ಇವರಿಗೆ ಹೇಳಿದವರು ಯಾರು?

ಸಂಜೀವ ತೀರಿಕೊಂಡದ್ದು ನಾನು ಅಂಗಡಿ ಮುಚ್ಚಿದ ಮೇಲೆ, ಒಂದು ಬೇಸಿಗೆಯಲ್ಲಿ. ಹೆಂಡತಿ ಮೊದಲೇ ತೀರಿಹೋಗಿದ್ದಳು. ಮಗಳು ಅಕ್ಷತಾಳಿಗಾಗಿ ಅವನು ಅದೇ ಮನೆಯಲ್ಲಿ ಉಳಿದಿದ್ದ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಚಿತೆಗೆ ಹಿತ್ತಿಲ ಮಾವಿನ ಮರ ಕಡಿಯುವುದು ರೂಢಿ. ಶೀನಣ್ಣ ಅಂಗಳದ ಮೂಲೆಯ ಆ ಮರವನ್ನೇ ಕಡಿಸಿದರು. ಕೊಂಬೆಗಳೂ ಬುಡದ ಒಂದು ತುಂಡೂ ಚಿತೆಗೆ ಸಾಕಾಯಿತು. ದೊಡ್ಡ ಕಾಂಡ ಹಾಗೆಯೇ ಅಂಗಳದ ಆಚೆ ಬಿದ್ದುಕೊಂಡಿತು. ಚಿತೆಗೆಂದು ಕಡಿದು ಉಳಿದದ್ದನ್ನು ಯಾರೂ ಮನೆಗೆ ತರುವುದಿಲ್ಲ, ಮಾರುವುದಿಲ್ಲ, ಬಚ್ಚಲ ಒಲೆಗೂ ಹಾಕುವುದಿಲ್ಲ. ಅದು ಬಿದ್ದಲ್ಲೇ ಕರಗಬೇಕು.

ಅಕ್ಷತಾ ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಸಂಜೀವನ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟ ಮುಗಿದು ಸ್ವಲ್ಪ ದಿನಕ್ಕೆ ನಮ್ಮ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಚೀಲ, ಅದರಲ್ಲಿ ಅಪ್ಪನ ಗಿಟಾರಿನ ಕುತ್ತಿಗೆ ಮತ್ತು ಪಿಕಪ್ಪು. ಹೊರಗೇ ತೂಗಿ ತೂಗಿ ಶಿವನಿಯ ಬಾಡಿಗೆ ಗೆದ್ದಲು ಹತ್ತಿತ್ತು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಂಕಲ್, ಅಪ್ಪನ ಗಿಟಾರಿಗೆ ಹೊಸ ಬಾಡಿ ಆಗಬೇಕು. ಮರ ನಾನು ಕೊಡ್ತೇನೆ," ಎಂದಳು.

ಯಾವ ಮರ ಎಂದು ಕೇಳಿದೆ. ಮಾವು ಎಂದಳು. ಯಾವ ಮಾವು ಎಂದು ಕೇಳುವ ಅಗತ್ಯ ಬೀಳಲಿಲ್ಲ, ಅವಳ ಮುಖದಲ್ಲೇ ಇತ್ತು.

ನಾನು ನಂಬಿಕೆ ಇಲ್ಲದವನಲ್ಲ. ಭೂತಕ್ಕೂ ನಾಗನಿಗೂ ವರ್ಷ ವರ್ಷ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ಆದರೂ ಆ ಮನುಷ್ಯ ಮನೆಯ ಒಳಗೆ ಜಾಗ ಸಿಗದೆ ವರ್ಷಗಟ್ಟಲೆ ಆ ಮರದ ಕೆಳಗೆ ಕೂತ. ಅವನನ್ನು ಸುಡುವುದಕ್ಕೆ ಆ ಮರ ಆಗುತ್ತದೆ, ಅವನ ಗಿಟಾರಿಗೆ ಆಗುವುದಿಲ್ಲ ಎಂದರೆ ಅದು ಯಾವ ನ್ಯಾಯ? ಮಾಡಿಕೊಡುತ್ತೇನೆ ಎಂದೆ. ಮಾವಿನ ಮರ ಕಡಿದ ಮೇಲೆ ಬೇಗ ಕೆಡುತ್ತದೆ, ಮಳೆ ಬೀಳುವ ಮೊದಲು ಸೀಳಿಸದಿದ್ದರೆ ಹುಳವೂ ಬೂಷ್ಟೂ ಸೇರಿ ಹೊಟ್ಟು ಮಾಡುತ್ತವೆ. ಮರುದಿನವೇ ಕುಕ್ಕುಂದೂರಿಗೆ ಹೋದೆವು.

ಶೀನಣ್ಣ ಜಗಲಿಯಲ್ಲಿ ಕೂತಿದ್ದರು. ವಿಷಯ ಕೇಳಿ ಅಕ್ಷತಾಳನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. "ಕಾಟಕ್ಕೆ ಕಡಿದ ಮರವನ್ನು ಮನೆಗೆ ತಂದವರುಂಟಾ ಆಚಾರ್ರೇ? ನಿಮಗಾದರೂ ಗೊತ್ತಾಗಬೇಕಲ್ವಾ." ಕಾಟ ಎಂದರೆ ನಮ್ಮಲ್ಲಿ ಚಿತೆ. ನಾನು, ಗೊತ್ತಿದ್ದೇ ಬಂದದ್ದು ಎಂದೆ. ಬಹಳ ಹೊತ್ತು ಮಾತು ಬೆಳೆಯಿತು. ಕೊನೆಗೆ ಅವರು, ಕೊಂಡುಹೋಗುವುದಾದರೆ ಹೋಗಿ, ಆದರೆ ಅದು ಯಾವ ರೂಪದಲ್ಲೂ ತಿರುಗಿ ಈ ಹೊಸ್ತಿಲು ದಾಟಕೂಡದು ಎಂದರು. ಅಕ್ಷತಾ "ಅದನ್ನು ಆಗ ನೋಡುವ ಮಾವ," ಎಂದು ಹೇಳಿ ಟೆಂಪೊ ಕರೆಯಲು ಹೋದಳು. ಸಂಜೀವನ ಮಗಳು ಸಂಜೀವನಂತಲ್ಲ ಎಂದು ನನಗೆ ಆಗ ಗೊತ್ತಾಯಿತು.

ಕಾರ್ಕಳದಲ್ಲಿ ಮರದ ಮಿಲ್ಲು ಇಟ್ಟ ಹಮೀದ್ ಸಾಹೇಬರು ನನ್ನ ಹಳೆ ಗುರುತು. ಅವರ ಆಳುಗಳಿಗೆ ಇದು ಎಲ್ಲಿಯ ಮರವೆಂದು ಹೇಗೋ ತಿಳಿದು, ಒಬ್ಬರೂ ಕೈ ಹಾಕಲಿಲ್ಲ. ಸಾಹೇಬರ ಹೆದರಿಕೆ ಬೇರೆ. ಅಂಗಳದ ಮರವೆಂದರೆ ಅದರಲ್ಲಿ ಬಟ್ಟೆ ಒಣಗಿಸುವ ತಂತಿ, ಲೈಟಿನ ಮೊಳೆ ಎಲ್ಲ ಇರುತ್ತದೆ, ಗರಗಸದ ಬ್ಲೇಡಿಗೆ ಸಿಕ್ಕಿದರೆ ಹಲ್ಲು ಹಾರುತ್ತದೆ. ನಾನೂ ಸಾಹೇಬರೂ ಕಾಂಡವನ್ನು ಉರುಳಿಸಿ ಉರುಳಿಸಿ ನೋಡಿ, ಕಂಡ ಮೊಳೆಗಳನ್ನೆಲ್ಲ ಕಿತ್ತೆವು. ಆಮೇಲೆ ಅಷ್ಟು ವಯಸ್ಸಾದ ಸಾಹೇಬರು ತಾವೇ ಮುಂಡು ಎತ್ತಿ ಕಟ್ಟಿ ಒಂದು ತುದಿ ಹಿಡಿದರು, ಇನ್ನೊಂದು ತುದಿ ನಾನು. ಅರ್ಧ ಸೀಳಿರಬೇಕು, ಕಿಡಿ ಹಾರಿತು, ಬ್ಲೇಡು ಕಿರುಚಿತು. ತೊಗಟೆಯಿಂದ ಎಷ್ಟೋ ಒಳಗೆ, ಮರ ಬೆಳೆಯುತ್ತ ಬೆಳೆಯುತ್ತ ನುಂಗಿಬಿಟ್ಟ ಒಂದು ದಪ್ಪ ಹಳೆಯ ಮೊಳೆ. ಅದರ ಸುತ್ತ ಅಂಗೈಯಗಲ ಮರ ಶಾಯಿ ಚೆಲ್ಲಿದಂತೆ ಕಪ್ಪಾಗಿತ್ತು.

ಇಲ್ಲಿಗೆ ಬಿಡುವುದಾ ಎಂದು ಸಾಹೇಬರು ಕಣ್ಣಲ್ಲೇ ಕೇಳಿದರು. ಬಿಡುವುದಿಲ್ಲ ಎಂದೆ. "ನಿಮ್ಮ ಹಟಕ್ಕೆ ನನ್ನ ಬ್ಲೇಡು ಬೇಕಿತ್ತಾ ಮಾರಾಯ್ರೇ," ಎಂದು ಗೊಣಗುತ್ತಲೇ ಹೊಸ ಬ್ಲೇಡು ಏರಿಸಿದರು.

ಹಲಗೆಗಳನ್ನು ಹುಳ ಹಿಡಿಯದಂತೆ ಬೋರಾಕ್ಸ್ ನೀರಿನಲ್ಲಿ ಅದ್ದಿ ತೆಗೆದು, ತುದಿಗಳು ಒಡೆಯದಂತೆ ಪೈಂಟು ಬಳಿದೆ. ಒಣಗಿಸುವುದು ಎಲ್ಲಿ? ಪೊರ್ಬುಗಳ ಪದ್ಧತಿಯಲ್ಲಿ ವಾದ್ಯದ ಮರವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಕು. ಹೊರಗೆ ಎಷ್ಟೇ ಮಳೆ ಇರಲಿ, ಕೆಳಗಿನ ಬಿಸಿಗೆ, ಹೊಗೆಗೆ ಮರ ನಿಧಾನ ಒಣಗುತ್ತದೆ, ಹುಳ ಹತ್ತಿರ ಬರುವುದಿಲ್ಲ. ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಇಷ್ಟು ವರ್ಷ ಮನೆಗೆ ಎಂತೆಂಥದೋ ತಂದಿರಿ, ಸತ್ತವರ ಕಟ್ಟಿಗೆಯೊಂದು ಬಾಕಿ ಇತ್ತು ಎಂದಳು. ಆ ಹಲಗೆ ಯಾರದು, ಯಾಕೆ ಎಂದು ಇಡೀ ಕತೆ ಹೇಳಿದೆ. ಕೇಳಿ ಒಳಗೆ ಹೋದಳು. ಸಂಜೆ ಬಂದು, ಅಡಿಗೆ ಒಲೆಯ ಮೇಲೆ ಬೇಡ, ಬಚ್ಚಲ ಅಟ್ಟದಲ್ಲಿ ಇಡಿ ಎಂದಳು. ಆ ಮಳೆಗಾಲದಲ್ಲಿ ದಿನಾ ಬಚ್ಚಲ ಒಲೆಗೆ ಬೇಕಾದದ್ದಕ್ಕಿಂತ ಹೆಚ್ಚು ಸೌದೆ ತುಂಬುತ್ತಿದ್ದವಳು ಅವಳೇ. ಕೇಳಿದರೆ ನೀರು ಬಿಸಿಯಾಗುವುದಿಲ್ಲ ಎನ್ನುತ್ತಿದ್ದಳು.

ಒಣಗಿತೋ ಇಲ್ಲವೋ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಡ. ಆಗಾಗ ಹಲಗೆಯನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿರಿ. ತೂಕ ಇಳಿಯುತ್ತಿದ್ದರೆ ಒಳಗೆ ನೀರುಂಟು. ಇಳಿಯುವುದು ನಿಂತಿತು ಎಂದರೆ ಉಳಿ ಕೈಗೆ ತೆಗೆದುಕೊಳ್ಳಬಹುದು. ಈಗಿನವರಿಗೆ ಕಾಯುವ ತಾಳ್ಮೆ ಇಲ್ಲ, ಹಸಿ ಮರದಲ್ಲಿ ಮಾಡಿ, ಆಮೇಲೆ ಬಿರುಕು ಬಿಟ್ಟದ್ದಕ್ಕೆ ಮರವನ್ನು ಬೈಯುತ್ತಾರೆ.

ಚಳಿಗಾಲ ಮುಗಿಯುವ ಹೊತ್ತಿಗೆ ಹಲಗೆ ತಯಾರಾಯಿತು. ಮಾವು ತುಸು ಭಾರದ ಮರವೇ. ಮಣಿಪಾಲದ ಆ ವಿದ್ಯಾರ್ಥಿನಿ ಹೇಳಿಕೊಟ್ಟಂತೆ ಒಳಗೆ ಟೊಳ್ಳು ತೆಗೆಯುವುದೆಂದು ನಿಶ್ಚಯಿಸಿದೆ. ರಟ್ಟಿನ ಅಚ್ಚನ್ನು ಕಪ್ಪು ಕಲೆ ತಪ್ಪಿಸಿ ಹಲಗೆಯ ಸ್ವಚ್ಛ ಭಾಗದ ಮೇಲೆ ಇಟ್ಟೆ. ಅಕ್ಷತಾ ಅದನ್ನು ಸರಿಸಿ, ಕಲೆ ನುಡಿಸುವವರ ಬಲಗೈ ಊರುವ ಜಾಗಕ್ಕೆ ಬರುವಂತೆ ಮಾಡಿದಳು. ಮೊಳೆ ಕಿತ್ತ ತೂತು ದೋಷವಾಗಿ ಕಾಣುತ್ತದೆ, ನೋಡಿದವರು ನನ್ನ ಕೆಲಸವನ್ನು ಆಡಿಕೊಳ್ಳುತ್ತಾರೆ ಎಂದೆ. ಆಡಿಕೊಳ್ಳಲಿ ಎಂದಳು. ಕಪ್ಪು ಪೈಂಟು ಹೊಡೆದರೆ ಮುಚ್ಚಿಹೋಗುತ್ತದೆ ಎಂದೆ. ಪೈಂಟೇ ಬೇಡ ಎಂದಳು. ಹಟದಲ್ಲಿ ನನ್ನನ್ನು ಮೀರಿಸುವವರು ಸಿಕ್ಕಿದ್ದು ಅಪರೂಪ, ಒಳಗೊಳಗೇ ಖುಷಿಯಾಯಿತು. ತೂತಿಗೆ ಅಂಟು ತುಂಬಿ ಮಟ್ಟ ಮಾಡಿ, ಇಡೀ ಬಾಡಿಗೆ ಬರೀ ಎಣ್ಣೆ ಉಜ್ಜಿದೆ. ಹಳದಿ ಮರದಲ್ಲಿ ಕಂದು ಗೆರೆಗಳು ಎದ್ದುಬಂದವು, ನಡುವೆ ಆ ಕಲೆ. ಅಪ್ಪನ ಕುತ್ತಿಗೆಯನ್ನು ಜೋಡಿಸಿ ತಂತಿ ಕಟ್ಟಿದ ದಿನ ಅವಳು ಬಚ್ಚಲಿನ ಪಕ್ಕದ ಕಲ್ಲಿನ ಮೇಲೆಯೇ ಕೂತು ಅಪ್ಪ ಕಲಿಸಿದ್ದನ್ನು ನುಡಿಸಿದಳು. ನನ್ನ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು.

ಸಂಜೀವನ ವರ್ಷದ ಕಾರ್ಯಕ್ಕೆ ಅಕ್ಷತಾ ನನ್ನನ್ನು ಕರೆದಿದ್ದಳು. ಊಟ ಆಗಿ ನೆಂಟರೆಲ್ಲ ಎಲೆ ಅಡಿಕೆಗೆ ಕೂತಿದ್ದರು. ಶೀನಣ್ಣ ತಮ್ಮ ಎಂದಿನ ಜಾಗದಲ್ಲಿ, ಜಗಲಿಯ ಬಾಗಿಲ ಬದಿಯಲ್ಲಿ. ಅವಳು ಹೊರಗೆ ನಿಲ್ಲಿಸಿದ್ದ ಕಾರಿನಿಂದ ಗಿಟಾರು ತೆಗೆದುಕೊಂಡು ಅಂಗಳ ದಾಟಿ ಬಂದಳು. ಮಾವಿನ ಮರ ಇದ್ದಲ್ಲಿ ಈಗ ಬರೀ ಬೊಡ್ಡೆ. ಶೀನಣ್ಣ ಎದ್ದು ಬಾಗಿಲಿಗೆ ಅಡ್ಡ ಬಂದರು. ನಾನೂ ಎದ್ದೆ. ಅವತ್ತು ಅವರು ಅವಳನ್ನು ತಿರುಗಿ ಕಳಿಸಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ, ಕಾರ್ಯದ ಮನೆ ಎಂದೂ ನೋಡುತ್ತಿರಲಿಲ್ಲ.

ಅವರ ಕಣ್ಣು ಗಿಟಾರಿನ ಮೇಲಿನ ಕಪ್ಪು ಕಲೆಯ ಮೇಲೆ ಹೋಯಿತು. "ಇದು ಎಂತ?" ಎಂದು ಕೇಳಿದರು.

ಮರದ ಒಳಗೆ ತುಂಬ ಹಳೆಯ ಮೊಳೆಯೊಂದಿತ್ತು, ಅದರ ತುಕ್ಕಿನ ಕಲೆ ಎಂದು ನಾನು ಹೇಳಿದೆ. ಅವರು ಬೆರಳು ಚಾಚಿ ಮುಟ್ಟಿದರು. ತೆಗೆಯಲಿಲ್ಲ.

"ಅದು ನಾನು ಹೊಡೆದದ್ದು," ಎಂದರು. "ಅವ ಮದುವೆಯಾಗಿ ಬಂದ ಹೊಸತರಲ್ಲಿ. ಒಳಗೆ ತರುವುದು ಬೇಡ, ಇಲ್ಲಿ ತೂಗಿಸು ಅಂತ."

ಅಕ್ಷತಾ ಅವರ ಪಕ್ಕದಿಂದಲೇ ಹೊಸ್ತಿಲು ದಾಟಿದಳು. ಅನುಮತಿ ಕೇಳಲಿಲ್ಲ, ಅವಸರವನ್ನೂ ಮಾಡಲಿಲ್ಲ. ಚಾವಡಿಯಲ್ಲಿ ಅಪ್ಪನ ಫೋಟೋದ ಎದುರು ನಿಂತು, ತಿರುಗಿ ಕೇಳಿದಳು.

"ಮಾವ, ಈಗ ಎಲ್ಲಿ ತೂಗಿಸುವುದು?"

ಶೀನಣ್ಣ ಗೋಡೆಯನ್ನು ನೋಡಿದರು. ಆಮೇಲೆ ಒಳಕೋಣೆಗೆ ಹೋದರು. ಹೋದವರು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಬಂದಾಗ ಕೈಯಲ್ಲಿ ಸುತ್ತಿಗೆ ಇತ್ತು. ಸ್ಟೂಲಿನ ಮೇಲೆ ಹತ್ತಿ, ಫೋಟೋದ ಪಕ್ಕದಲ್ಲಿ ಒಂದು ಮೊಳೆ ಹೊಡೆದರು. ಮೊಳೆ ಓರೆಯಾಗಿ ಕೂತಿತು. ಅದನ್ನು ಕಿತ್ತು ಸರಿಯಾಗಿ ಹೊಡೆಯಲು ನನ್ನ ಕೈ ತುರಿಸಿತು. ಜೀವಮಾನದಲ್ಲಿ ಮೊದಲ ಸಲ ಒಂದು ಓರೆ ಕೆಲಸವನ್ನು ಕಣ್ಣಾರೆ ನೋಡಿಯೂ ಸುಮ್ಮನೆ ಬಿಟ್ಟೆ.